ಬಿಡಿ ಹಾಳೆಯ ಬಲ: ಕಪ್ಪು ಕಾವ್ಯ ಚಳವಳಿಯೊಳಗೆ ಮಾಡುವ ಕೆಲಸ

2025ರ ಏಪ್ರಿಲ್‌ನಲ್ಲಿ ಅಮೆರಿಕದ ಅನಾಪೊಲಿಸ್‌ನಲ್ಲಿರುವ ನೌಕಾಪಡೆ ಅಕಾಡೆಮಿಯ ಗ್ರಂಥಾಲಯದಿಂದ 381 ಪುಸ್ತಕಗಳನ್ನು ತೆಗೆದುಹಾಕಲಾಯಿತು. ಜನಾಂಗ, ಲಿಂಗ, ವೈವಿಧ್ಯದ ಕುರಿತ ಪುಸ್ತಕಗಳು ಬೇಡವೆಂದು ರಕ್ಷಣಾ ಸಚಿವರ ಕಚೇರಿಯಿಂದ ಬಂದ ಆದೇಶ ಅದು. ಆ ಪಟ್ಟಿಯಲ್ಲಿ ಮಾಯಾ ಏಂಜೆಲೋ ಅವರ 1969ರ ಆತ್ಮಕಥೆ ‘ಐ ನೋ ವೈ ದ ಕೇಜ್ಡ್ ಬರ್ಡ್ ಸಿಂಗ್ಸ್’ ಕೂಡ ಇತ್ತು. ಪುಸ್ತಕದ ಈ ಹೆಸರು ಏಂಜೆಲೋ ಕಟ್ಟಿದ್ದಲ್ಲ. 1899ರಲ್ಲಿ ಪ್ರಕಟವಾದ ಪಾಲ್ ಲಾರೆನ್ಸ್ ಡನ್‌ಬಾರ್ ಅವರ ‘ಸಿಂಪಥಿ’ ಪದ್ಯದ ಸಾಲು. ಡನ್‌ಬಾರ್ ಗುಲಾಮಗಿರಿಯಲ್ಲಿ ಬದುಕಿ ಬಂದ ತಂದೆತಾಯಿಯ ಮಗ. ಒಹಾಯೊದ ಡೇಟನ್‌ನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡುತ್ತಲೇ ಪದ್ಯ ಬರೆದವರು, ಮುಂದೆ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಹಾಯಕರಾಗಿದ್ದರು. ಬೇಸಿಗೆಯ ಧಗೆಯಲ್ಲಿ ಪುಸ್ತಕದ ಕಪಾಟುಗಳ ಕಬ್ಬಿಣದ ಸರಳುಗಳ ಹಿಂದೆ ದುಡಿಯುವಾಗ ಪಂಜರದ ಹಕ್ಕಿ ಅವರ ಮನಸ್ಸಿಗೆ ಬಂತು ಎಂದು ಪತ್ನಿ ಆಲಿಸ್ ಬರೆದಿಟ್ಟಿದ್ದಾರೆ. ಒಂದು ಗ್ರಂಥಾಲಯದ ಸರಳುಗಳ ಹಿಂದೆ ಹುಟ್ಟಿದ ಸಾಲನ್ನು 126 ವರ್ಷಗಳ ಮೇಲೆ ಇನ್ನೊಂದು ಗ್ರಂಥಾಲಯ ಹೊರಗಿಟ್ಟಿತು. ಟೀಕೆ ಬಂದ ಮೇಲೆ ಮೇ ತಿಂಗಳಲ್ಲಿ ಆ ಪುಸ್ತಕಗಳ ಬಹುಪಾಲು ಕಪಾಟಿಗೆ ಮರಳಿದವು.

ಅದಕ್ಕೆ ಎರಡು ವರ್ಷ ಮೊದಲು, 2023ರಲ್ಲಿ, ಫ್ಲಾರಿಡಾದ ಮಯಾಮಿ ಲೇಕ್ಸ್‌ನ ಶಾಲೆಯೊಂದರಲ್ಲಿ ಅಮಾಂಡಾ ಗೋರ್ಮನ್ ಅವರ ‘ದ ಹಿಲ್ ವಿ ಕ್ಲೈಂಬ್’ ಪದ್ಯವನ್ನು ಚಿಕ್ಕ ಮಕ್ಕಳ ಕಪಾಟಿನಿಂದ ದೊಡ್ಡ ಮಕ್ಕಳ ಕಪಾಟಿಗೆ ಸರಿಸಿದರು. 2021ರ ಜನವರಿ 20ರಂದು ಅಧ್ಯಕ್ಷರ ಪ್ರಮಾಣವಚನ ಸಮಾರಂಭದಲ್ಲಿ, ಇಡೀ ಜಗತ್ತು ನೋಡುತ್ತಿದ್ದಾಗ, 22 ವರ್ಷದ ಯುವತಿ ಓದಿದ ಪದ್ಯ ಅದು. ಅದನ್ನು ಸರಿಸಲು ಒಬ್ಬ ಪೋಷಕರ ಒಂದು ದೂರು ಸಾಕಾಯಿತು. ಮುನ್ನುಡಿ ಬರೆದ ಓಪ್ರಾ ವಿನ್‌ಫ್ರೀ ಅವರನ್ನೇ ಆ ದೂರಿನ ಅರ್ಜಿ ಲೇಖಕಿ ಎಂದು ನಮೂದಿಸಿತ್ತು.

ಪದ್ಯದಿಂದ ಏನೂ ಆಗುವುದಿಲ್ಲ ಎನ್ನುವುದು ನಿಜವಾಗಿದ್ದರೆ ಅದನ್ನು ಕಪಾಟಿನಿಂದ ತೆಗೆಯುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಹಾಗೆಂದು ಕಾವ್ಯ ಕ್ರಾಂತಿ ಮಾಡುತ್ತದೆ ಎಂದು ವೇದಿಕೆಯ ಮೇಲೆ ಘೋಷಿಸುವುದೂ ಸುಳ್ಳೇ. 1964ರ ನಾಗರಿಕ ಹಕ್ಕು ಕಾಯ್ದೆ ಬಂದದ್ದು ಬಸ್ ಬಹಿಷ್ಕಾರದಿಂದ, ಕೋರ್ಟಿನ ಮೊಕದ್ದಮೆಗಳಿಂದ, ಜೈಲಿಗೆ ಹೋದ ಸಾವಿರಾರು ಜನರಿಂದ. ಆ ದೊಡ್ಡ ಯಂತ್ರದೊಳಗೆ ಪದ್ಯದ್ದು ಒಂದು ಬಿಡಿ ಭಾಗದ ಕೆಲಸ. ಆ ಭಾಗ ಇಲ್ಲದಿದ್ದರೆ ಯಂತ್ರ ಬಹಳ ದೂರ ಓಡದು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಕವಿಯ ಆವೇಶವನ್ನಷ್ಟೇ ನೋಡಿದರೆ ಸಾಲದು. ಪದ್ಯ ಯಾರ ಬಾಯಿಗೆ ಬಂತು, ಯಾವ ಕಾಗದದ ಮೇಲೆ ಅಚ್ಚಾಯಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ನೋಡಬೇಕು.

ಮೊದಲು ಬಾಯಿಯ ಮಾತು. ಸೌತ್ ಕೆರೊಲಿನಾದಲ್ಲಿ ಗುಲಾಮರಿಗೆ ಬರೆಯಲು ಕಲಿಸುವುದನ್ನು 1740ರಲ್ಲೇ ಕಾನೂನು ಮಾಡಿ ನಿಷೇಧಿಸಿದ್ದರು. ದಕ್ಷಿಣದ ಬೇರೆ ರಾಜ್ಯಗಳೂ ಮುಂದೆ ಇಂಥ ಕಾನೂನು ತಂದವು. ಅಕ್ಷರ ಕಿತ್ತುಕೊಂಡ ಕಡೆ ನೆನಪೇ ಪುಸ್ತಕವಾಗಬೇಕು. ಚರ್ಚಿನಲ್ಲಿ ಒಬ್ಬರು ಒಂದು ಸಾಲು ಹೇಳಿಕೊಡುವುದು, ಸಭೆಯೆಲ್ಲ ಅದನ್ನೇ ಎಳೆದು ಹಾಡುವುದು ರೂಢಿಗೆ ಬಂತು. ನಮ್ಮ ಭಜನೆಯಲ್ಲಿ, ಕೋಲಾಟದಲ್ಲಿ ಹಿಮ್ಮೇಳದವರು ಸೊಲ್ಲು ಎತ್ತುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಕಪ್ಪು ಕಾವ್ಯದ ಬಹುಪಾಲು ಗುಣಗಳು ಈ ರೂಢಿಯಿಂದ ಬಂದವು: ಒಂದು ಉಸಿರಿಗೆ ಹಿಡಿಯುವ ಸಾಲು, ಕೇಳುವವರು ಒಳಬರಲು ಜಾಗ ಬಿಡುವ ಪಲ್ಲವಿ, ಎರಡು ಸಲ ಕೇಳಿದರೆ ಮೂರನೆಯ ಸಲ ತಾನೇ ಬಾಯಿಗೆ ಬರುವ ಕಟ್ಟು. ಅಕ್ಷರ ಕಲಿತು ಬರೆದವರ ಪಾಡು ಬೇರೆ. 1773ರಲ್ಲಿ ಲಂಡನ್ನಿನಲ್ಲಿ ಫಿಲಿಸ್ ವೀಟ್ಲಿಯವರ ಕವನ ಸಂಕಲನ ಅಚ್ಚಾದಾಗ, ಈ ಪದ್ಯಗಳನ್ನು ನಿಜಕ್ಕೂ ಈ ಗುಲಾಮ ಹುಡುಗಿಯೇ ಬರೆದಿದ್ದಾಳೆ ಎಂದು ಬಾಸ್ಟನ್ನಿನ 18 ಗಣ್ಯರು ಸಹಿ ಹಾಕಿದ ಪತ್ರವನ್ನು ಪುಸ್ತಕದ ಮೊದಲಿಗೆ ಸೇರಿಸಬೇಕಾಯಿತು.

ಹಾಡು ಬಾಯಿಂದ ಬಾಯಿಗೆ ಹೇಗೆ ಊರು ದಾಟುತ್ತದೆ ಎಂಬುದಕ್ಕೆ ಫ್ಲಾರಿಡಾದ ಜಾಕ್ಸನ್‌ವಿಲ್‌ನ ಪ್ರಸಂಗಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. 1900ರಲ್ಲಿ ಲಿಂಕನ್ ಜನ್ಮದಿನದ ಕಾರ್ಯಕ್ರಮಕ್ಕೆಂದು ಅಲ್ಲಿನ ಸ್ಟ್ಯಾಂಟನ್ ಶಾಲೆಯ ಮುಖ್ಯೋಪಾಧ್ಯಾಯ ಜೇಮ್ಸ್ ವೆಲ್ಡನ್ ಜಾನ್ಸನ್ ‘ಲಿಫ್ಟ್ ಎವೆರಿ ವಾಯ್ಸ್ ಆ್ಯಂಡ್ ಸಿಂಗ್’ ಬರೆದರು, ತಮ್ಮ ರೋಸಮಂಡ್ ರಾಗ ಹಾಕಿದರು, 500 ಮಕ್ಕಳು ಹಾಡಿದರು. ಅಣ್ಣತಮ್ಮಂದಿರು ನ್ಯೂಯಾರ್ಕಿಗೆ ಹೋದರು, ಹಾಡನ್ನು ಮರೆತರು. ಮಕ್ಕಳು ಮರೆಯಲಿಲ್ಲ. ಬೇರೆ ಶಾಲೆಗೆ ಹೋದವರು ಅಲ್ಲಿ ಹಾಡಿದರು, ದೊಡ್ಡವರಾಗಿ ಮೇಷ್ಟ್ರುಗಳಾದವರು ತಮ್ಮ ಮಕ್ಕಳಿಗೆ ಕಲಿಸಿದರು. ಇಪ್ಪತ್ತು ವರ್ಷದೊಳಗೆ ದಕ್ಷಿಣದ ಉದ್ದಗಲಕ್ಕೂ ಹಬ್ಬಿತು. ಟೈಪು ಮಾಡಿದ ಪ್ರತಿಗಳನ್ನು ಚರ್ಚಿನ ಹಾಡಿನ ಪುಸ್ತಕದ ಹಿಂಬದಿಗೆ ಅಂಟಿಸಿಕೊಳ್ಳುತ್ತಿದ್ದರು. 1919ರಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಅದನ್ನು ನೀಗ್ರೋ ರಾಷ್ಟ್ರಗೀತೆಯೆಂದು ಸ್ವೀಕರಿಸುವ ಹೊತ್ತಿಗೆ ಜನ ಅದನ್ನು ಆಗಲೇ ಹಾಗೆ ಮಾಡಿಕೊಂಡಿದ್ದರು.

ಅದೇ 1919ರ ಬೇಸಿಗೆಯಲ್ಲಿ ಅಮೆರಿಕದ ಹತ್ತಾರು ಊರುಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಕೇರಿಗಳ ಮೇಲೆ ಬಿದ್ದವು. ಷಿಕಾಗೊ ಒಂದರಲ್ಲೇ 38 ಜನ ಸತ್ತರು. ಜಮೈಕಾದಿಂದ ಬಂದು ರೈಲಿನ ಊಟದ ಬೋಗಿಯಲ್ಲಿ ಮಾಣಿಯಾಗಿದ್ದ ಕ್ಲಾಡ್ ಮೆಕೇ ಆಗ ‘ಇಫ್ ವಿ ಮಸ್ಟ್ ಡೈ’ ಬರೆದರು. ಜೊತೆಗೆ ದುಡಿಯುವ ರೈಲಿನವರಿಗೆ ಓದಿ ಹೇಳಿದರು. ‘ದ ಲಿಬರೇಟರ್’ ಪತ್ರಿಕೆಯ ಜುಲೈ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಪದ್ಯದ ರೂಪ 14 ಸಾಲಿನ ಸುನೀತ, ಷೇಕ್ಸ್‌ಪಿಯರ್ ಬಳಸಿದ ಅದೇ ಪ್ರಾಸದ ಕಟ್ಟು. ಸಾಯುವುದೇ ಆದರೆ ಹಂದಿಗಳ ಹಾಗೆ ಸಾಯುವುದು ಬೇಡ, ತಿರುಗಿ ಹೊಡೆದು ಸಾಯೋಣ ಎನ್ನುವುದು ಅದರ ತಿರುಳು. ಇಡೀ ಪದ್ಯದಲ್ಲಿ ‘ಕಪ್ಪು’ ಎಂಬ ಮಾತಿಲ್ಲ, ‘ಬಿಳಿ’ ಎಂಬ ಮಾತಿಲ್ಲ, ಒಂದು ಊರಿನ ಹೆಸರಿಲ್ಲ. ಹಾಗಾಗಿ ಮೂಲೆಗೆ ಒತ್ತಲ್ಪಟ್ಟ ಯಾರು ಬೇಕಾದರೂ ಅದನ್ನು ತಮ್ಮದೆಂದು ಎತ್ತಿಕೊಳ್ಳಬಹುದು. ಎತ್ತಿಕೊಂಡರು ಕೂಡ. 1971ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನ ಕೈದಿಗಳು ದಂಗೆಯೆದ್ದಾಗ ಈ ಸಾಲುಗಳು ಅಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ‘ಟೈಮ್’ ಪತ್ರಿಕೆ ಅವನ್ನು ಯಾರೋ ಹೆಸರಿಲ್ಲದ ಕೈದಿ ಬರೆದದ್ದು ಎಂದು ಅಚ್ಚು ಹಾಕಿತು. ಕವಿ ಗ್ವೆಂಡೊಲಿನ್ ಬ್ರೂಕ್ಸ್ ಪತ್ರ ಬರೆದು ತಿದ್ದಬೇಕಾಯಿತು. ಎಲ್ಲರ ಬಾಯಿಗೆ ಬರುವ ಪದ್ಯಕ್ಕೆ ತಗಲುವ ಮೊದಲ ರೋಗ ಇದು: ಸಾಲು ಉಳಿಯುತ್ತದೆ, ಬರೆದವರ ಹೆಸರು ಉದುರುತ್ತದೆ. ಕಪ್ಪು ಕವಿಯ ವಿಷಯದಲ್ಲಿ ಇದನ್ನು ಸಣ್ಣ ನಷ್ಟ ಎಂದು ಬಿಡಲಾಗದು. ಸ್ವಂತ ಬರಹವನ್ನು ಸ್ವಂತದ್ದೆಂದು ಸಾಬೀತು ಮಾಡಲು ವೀಟ್ಲಿಗೆ 18 ಸಹಿ ಬೇಕಾದ ಚರಿತ್ರೆ ಇದರ ಬೆನ್ನಿಗಿದೆ.

ಇನ್ನು ಕಾಗದದ ಮಾತು. 1963ರ ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಿಳಿಯ ದ್ವೇಷಿಗಳು ಇಟ್ಟ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಡೆಟ್ರಾಯಿಟ್‌ನ ಗ್ರಂಥಪಾಲಕ, ಕವಿ ಡಡ್ಲಿ ರ್‍ಯಾಂಡಲ್ ಅದರ ಮೇಲೆ ‘ಬ್ಯಾಲಡ್ ಆಫ್ ಬರ್ಮಿಂಗ್‌ಹ್ಯಾಮ್’ ಬರೆದರು. ಈ ಪದ್ಯವನ್ನು ಹತ್ತಿರದಿಂದ ನೋಡಬೇಕು. ಎಂಟು ನುಡಿ, ನುಡಿಗೆ ನಾಲ್ಕು ಸಾಲು, ಎರಡನೇ ಸಾಲಿಗೂ ನಾಲ್ಕನೇ ಸಾಲಿಗೂ ಪ್ರಾಸ. ಹಳೆಯ ಕಥನಗೀತೆಯ ಕಟ್ಟು. ಆಟಕ್ಕೆ ಹೋಗುವ ಬದಲು ಪೇಟೆಯಲ್ಲಿ ನಡೆಯುವ ಸ್ವಾತಂತ್ರ್ಯದ ಮೆರವಣಿಗೆಗೆ ಹೋಗಲೇ ಎಂದು ಮಗು ಕೇಳುತ್ತದೆ. ಬೇಡ, ಅಲ್ಲಿ ನಾಯಿಗಳಿವೆ, ಲಾಠಿ, ನೀರಿನ ಪೈಪು, ಬಂದೂಕು ಇವೆ, ಚರ್ಚಿಗೆ ಹೋಗು ಎನ್ನುತ್ತಾಳೆ ತಾಯಿ. ನಾಯಿ, ನೀರಿನ ಪೈಪು ಕವಿಯ ಕಲ್ಪನೆಯಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಪೊಲೀಸರು ಶಾಲೆಯ ಮಕ್ಕಳ ಮೇಲೆ ಬಿಟ್ಟಂಥವು. ಮಗು ತಲೆ ಬಾಚಿ, ಮೈ ತೊಳೆದು, ಬಿಳಿಯ ಕೈಗವಸು, ಬಿಳಿಯ ಬೂಟು ಹಾಕಿ ಹೊರಡುತ್ತದೆ. ಸ್ಫೋಟ ಕೇಳಿ ತಾಯಿ ಓಡುತ್ತಾಳೆ, ಗಾಜಿನ ಚೂರು, ಇಟ್ಟಿಗೆ ಕೆದಕುತ್ತಾಳೆ, ಒಂದು ಬೂಟು ಸಿಗುತ್ತದೆ.

ಗೋವಿನ ಹಾಡು ಕೇಳಿ ಬೆಳೆದ ನಮಗೆ ತಾಯಿ ಮಗುವಿನ ಈ ಮಾತುಕತೆಯ ಕಟ್ಟು ಎಷ್ಟು ಆಳಕ್ಕೆ ಇಳಿಯಬಲ್ಲದು ಎಂದು ಹೇಳಿಕೊಡಬೇಕಿಲ್ಲ. ಆದರೆ ಅಲ್ಲಿ ಮಾತಿಗೆ ತಪ್ಪದ ಹಸುವನ್ನು ಕಂಡು ಹುಲಿಯೂ ಕರಗುತ್ತದೆ. ಇಲ್ಲಿ ಕರಗುವವರು ಯಾರೂ ಇಲ್ಲ. ಬಾಂಬು ಇಟ್ಟವರ ಬಗ್ಗೆ ರ್‍ಯಾಂಡಲ್ ಒಂದು ಬೈಗುಳವನ್ನೂ ಆಡುವುದಿಲ್ಲ. ‘ಮನೆಯಲ್ಲೇ ಇರಿ, ಮೆರವಣಿಗೆ ಅಪಾಯ, ತಾಳ್ಮೆಯಿಂದಿರಿ’ ಎಂಬ ಬುದ್ಧಿವಾದವನ್ನು ಪ್ರೀತಿಯ ತಾಯಿಯ ಬಾಯಲ್ಲಿಟ್ಟು, ಆ ಬುದ್ಧಿವಾದವೇ ಮಗುವನ್ನು ಉಳಿಸಲಿಲ್ಲ ಎಂದು ತೋರಿಸುತ್ತಾರೆ. ಚಳವಳಿಯಿಂದ ದೂರ ಇದ್ದರೆ ಕ್ಷೇಮ ಎಂಬ ವಾದಕ್ಕೆ ಹತ್ತು ಭಾಷಣ ಕೊಡಲಾಗದ ಉತ್ತರವನ್ನು 32 ಸಾಲು ಕೊಡುತ್ತವೆ.

ಜೆರಿ ಮೂರ್ ಎಂಬ ಗಾಯಕರು ಈ ಪದ್ಯಕ್ಕೆ ರಾಗ ಹಾಕಿದರು. ಹಕ್ಕು ತನ್ನಲ್ಲೇ ಉಳಿಯಲಿ ಎಂದು ರ್‍ಯಾಂಡಲ್ 1965ರಲ್ಲಿ ಅದನ್ನು ಬಿಡಿ ಹಾಳೆಯಾಗಿ ಅಚ್ಚು ಹಾಕಿಸಿದರು. ಸಂಬಳದಿಂದ ತೆಗೆದ 12 ಡಾಲರ್ ಬಂಡವಾಳ. ಬ್ರಾಡ್‌ಸೈಡ್ ಪ್ರೆಸ್ ಹುಟ್ಟಿದ್ದು ಹಾಗೆ; ಬ್ರಾಡ್‌ಸೈಡ್ ಎಂದರೆ ಬಿಡಿ ಹಾಳೆ. ಬಿಡಿ ಹಾಳೆಗೆ ಇರುವ ಅನುಕೂಲ ಪುಸ್ತಕಕ್ಕಿಲ್ಲ: ಮಡಚಿದರೆ ಜೇಬಿನಲ್ಲಿ ಕೂರುತ್ತದೆ, ಬಿಡಿಸಿದರೆ ಗೋಡೆಗೆ ಅಂಟುತ್ತದೆ, ಸಭೆಯಲ್ಲಿ ಹಂಚಬಹುದು, ಪದ್ಯದ ಜೊತೆಗೆ ಕವಿಯ ಹೆಸರೂ ಅದೇ ಹಾಳೆಯಲ್ಲಿ ಹೋಗುತ್ತದೆ. ಎರಡು ವರ್ಷದ ಮೇಲೆ, 1967ರಲ್ಲಿ, ಮುಂದೆ ‘ಹಾಕಿ ಮಧುಬುಟಿ’ ಎಂದು ಹೆಸರು ಬದಲಿಸಿಕೊಂಡ ಡಾನ್ ಎಲ್. ಲೀ ಷಿಕಾಗೊದ ನೆಲಮಾಳಿಗೆಯ ಬಾಡಿಗೆ ಮನೆಯಲ್ಲಿ 400 ಡಾಲರ್ ಮತ್ತು ಹಳೆಯ ಸೈಕ್ಲೋಸ್ಟೈಲ್ ಯಂತ್ರದಿಂದ ಥರ್ಡ್ ವರ್ಲ್ಡ್ ಪ್ರೆಸ್ ಶುರು ಮಾಡಿದರು. 1950ರಲ್ಲಿ ಪುಲಿಟ್ಜರ್ ಪಡೆದ ಮೊದಲ ಕಪ್ಪು ಲೇಖಕಿ ಗ್ವೆಂಡೊಲಿನ್ ಬ್ರೂಕ್ಸ್, 1967ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ಲೇಖಕರ ಸಮ್ಮೇಳನದಲ್ಲಿ ಕಿರಿಯರ ಮಾತು ಕೇಳಿ ಬಂದ ಮೇಲೆ, ನ್ಯೂಯಾರ್ಕಿನ ದೊಡ್ಡ ಪ್ರಕಾಶನ ಬಿಟ್ಟು 1969ರ ‘ರಯಟ್’ ಸಂಕಲನವನ್ನು ಬ್ರಾಡ್‌ಸೈಡ್‌ಗೆ ಕೊಟ್ಟರು. ನನ್ನ ಲೆಕ್ಕದಲ್ಲಿ ಆ ಕಾಲದ ಅತಿ ದಿಟ್ಟ ಕಾವ್ಯಕರ್ಮ ಇದೇ. ಹೆಸರಾಂತ ಕವಿ ತನ್ನ ಹೆಸರಿನ ತೂಕವನ್ನೇ ಸಣ್ಣ ಪ್ರೆಸ್ಸಿನ ಬಂಡವಾಳವಾಗಿ ಹಾಕಿದರು.

ಸಣ್ಣ ಪ್ರೆಸ್ ಮುರಿಯುವುದು ಕಾವ್ಯದ ಕೊರತೆಯಿಂದಲ್ಲ, ದುಡ್ಡಿನ ಕೊರತೆಯಿಂದ. ಓದುಗರು ಬಡವರು ಎಂದು ಬೆಲೆ ಏರಿಸುವಂತಿಲ್ಲ, ಕಾಗದದ ಬೆಲೆ ಏರುತ್ತಲೇ ಇರುತ್ತದೆ, ಅಂಗಡಿಯಿಂದ ಬಾಕಿ ಬರುವುದಿಲ್ಲ. ರ್‍ಯಾಂಡಲ್ ಸಾಲದಲ್ಲಿ ಸಿಲುಕಿ 1970ರ ದಶಕದ ಕೊನೆಯ ಹೊತ್ತಿಗೆ ಪ್ರೆಸ್ಸನ್ನು ಬೇರೆಯವರಿಗೆ ಒಪ್ಪಿಸಬೇಕಾಯಿತು. 2015ರಲ್ಲಿ ಅದು ಡೆಟ್ರಾಯಿಟ್‌ನದೇ ಲೋಟಸ್ ಪ್ರೆಸ್ ಜೊತೆ ಸೇರಿ ಉಳಿದುಕೊಂಡಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಕಲಾ ನಿಧಿ ಅನೇಕ ಸಣ್ಣ ಪ್ರಕಾಶನಗಳಿಗೆ ಮಂಜೂರಾಗಿದ್ದ ಅನುದಾನವನ್ನು ಇ-ಮೇಲ್ ಕಳಿಸಿ ರದ್ದು ಮಾಡಿದಾಗ ಅನೇಕರಿಗೆ ಅದು ಲೆಕ್ಕಪತ್ರದ ಸುದ್ದಿಯಾಗಿ ಕಂಡಿತು. ಕಪಾಟಿನಿಂದ ಪುಸ್ತಕ ತೆಗೆಯುವುದಕ್ಕಿಂತ ಇದು ದೊಡ್ಡ ಪೆಟ್ಟು. ಅಚ್ಚೇ ಆಗದ ಪುಸ್ತಕವನ್ನು ತೆಗೆಯುವ ಅಗತ್ಯವೇ ಬೀಳುವುದಿಲ್ಲ.

ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಕೊಲೆಯಾದದ್ದು 1965ರ ಫೆಬ್ರುವರಿ 21ರಂದು. ಅದರ ಬೆನ್ನಿಗೇ ಮುಂದೆ ಅಮಿರಿ ಬರಾಕಾ ಎನಿಸಿದ ಕವಿ ಲೀರಾಯ್ ಜೋನ್ಸ್ ಹಾರ್ಲೆಮ್‌ಗೆ ಬಂದು ನಾಟಕಶಾಲೆ ತೆರೆದರು. ಕಪ್ಪು ಕಲಾ ಚಳವಳಿ ಎಂಬ ಹೆಸರಿನ ಹತ್ತು ವರ್ಷ ಅಲ್ಲಿಂದ ಎಣಿಕೆ. ಆ ಚಳವಳಿಯ ಸಾಧನೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದು ಎಡವಿದ ಕಡೆಯೇ ಈಗ ಹೆಚ್ಚು ಕಲಿಸುತ್ತದೆ. ಗಂಡಸಿನ ಗಂಟಲೇ ಚಳವಳಿಯ ಗಂಟಲು ಎಂದುಕೊಂಡದ್ದು ಒಂದು, ಕೋಪಕ್ಕೆ ಗುರಿ ಹುಡುಕುತ್ತ ಯೆಹೂದಿಗಳ ಮೇಲೆ, ಸಲಿಂಗಿಗಳ ಮೇಲೆ ಹರಿಹಾಯ್ದದ್ದು ಇನ್ನೊಂದು. ಬರಾಕಾ 2001ರ ಸೆಪ್ಟೆಂಬರ್ ದಾಳಿಯ ಮೇಲೆ ಬರೆದ ಪದ್ಯದಲ್ಲಿ, ಇಸ್ರೇಲಿನ ನೌಕರರಿಗೆ ದಾಳಿ ಮೊದಲೇ ಗೊತ್ತಿತ್ತು ಎಂಬ ಸುಳ್ಳು ವದಂತಿಯನ್ನೇ ಸಾಲಾಗಿಸಿದರು. ರಾಜ್ಯಕವಿಯಾಗಿದ್ದ ಅವರನ್ನು ವಜಾ ಮಾಡಲು ಕಾನೂನಿಲ್ಲದೆ ನ್ಯೂಜೆರ್ಸಿ ರಾಜ್ಯ 2003ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿತು. ಸತ್ತವರ ಲೆಕ್ಕ ಇಡುವ ಕಾವ್ಯಕ್ಕೆ ನಂಬಿಕೆಯೇ ಬಂಡವಾಳ. ಒಂದು ಸುಳ್ಳು ಸಾಲು ಸೇರಿದರೆ ನಿಜವಾದ ಸಾಲುಗಳನ್ನೂ ಎದುರಾಳಿ ಅದರ ಜೊತೆಗೇ ಗುಡಿಸಿ ಹಾಕುತ್ತಾನೆ.

ಕೋಪದ ಈ ಸಮಸ್ಯೆಯನ್ನು ಪದ್ಯದೊಳಗೇ ಎದುರಿಸಿದವರು ಕವಿ ಆಡ್ರಿ ಲಾರ್ಡ್. 1973ರ ಏಪ್ರಿಲ್ 28ರಂದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಪೊಲೀಸನೊಬ್ಬ 10 ವರ್ಷದ ಕ್ಲಿಫರ್ಡ್ ಗ್ಲೋವರ್‌ನನ್ನು ಗುಂಡಿಕ್ಕಿ ಕೊಂದ. ಮರುವರ್ಷ ಜ್ಯೂರಿ ಅವನನ್ನು ಬಿಟ್ಟಿತು. ಜ್ಯೂರಿಯಲ್ಲಿದ್ದವರು 11 ಬಿಳಿಯ ಗಂಡಸರು, ಒಬ್ಬ ಕಪ್ಪು ಹೆಂಗಸು. ಕಾರಿನ ರೇಡಿಯೊದಲ್ಲಿ ತೀರ್ಪು ಕೇಳಿದ ಲಾರ್ಡ್ ಮುಂದೆ ಓಡಿಸಲಾರದೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬರೆದದ್ದು ‘ಪವರ್’ ಆಯಿತು. ಕಾವ್ಯಕ್ಕೂ ಬರಿಯ ಮಾತಿನ ಆರ್ಭಟಕ್ಕೂ ಇರುವ ಅಂತರದಿಂದಲೇ ಅದು ಶುರುವಾಗುತ್ತದೆ. ಆ ಒಬ್ಬ ಕಪ್ಪು ಹೆಂಗಸಿನ ಮೇಲೆ ಒತ್ತಡ ಹೇಗೆ ಬಿದ್ದಿರಬೇಕು ಎಂದು ಕಾಣುತ್ತದೆ. ತನ್ನೊಳಗಿನ ಕೋಪಕ್ಕೆ ದಾರಿ ಸಿಗದಿದ್ದರೆ ತಾನೂ ಯಾವ ಕ್ರೌರ್ಯಕ್ಕೆ ಇಳಿದೇನು ಎಂದು ಬೆಚ್ಚುತ್ತದೆ. ಕೇಳಲು ಹಿತವಾದ ಪದ್ಯವಲ್ಲ. ಆದರೆ ಕೋಪವನ್ನು ಉರಿಯಲು ಬಿಡುವುದು ಬೇರೆ, ಕೆಲಸಕ್ಕೆ ಹಚ್ಚುವುದು ಬೇರೆ ಎಂದು ಇಷ್ಟು ನಿಷ್ಠುರವಾಗಿ ತೋರಿಸಿದ ಇನ್ನೊಂದು ಪದ್ಯ ನನಗೆ ಗೊತ್ತಿಲ್ಲ. ಕಲೆಗಳಲ್ಲಿ ಕಡಿಮೆ ಖರ್ಚಿನದು ಕಾವ್ಯ ಎಂದವರೂ ಲಾರ್ಡ್ ಅವರೇ. ಪಾಳಿ ಪಾಳಿಯ ನಡುವೆ, ಆಸ್ಪತ್ರೆಯ ಅಡುಗೆಕೋಣೆಯಲ್ಲಿ, ರೈಲಿನಲ್ಲಿ, ಸಿಕ್ಕ ಚೂರು ಕಾಗದದ ಮೇಲೆ ಬರೆಯಬಹುದು. ಕಾದಂಬರಿಗೆ ಸ್ವಂತ ಕೋಣೆ ಬೇಕು, ಬಿಡುವು ಬೇಕು. ದುಡಿಯುವ ಹೆಂಗಸರ ಚಳವಳಿಗಳಲ್ಲಿ ಪದ್ಯವೇ ಯಾಕೆ ಮೊದಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಇಲ್ಲ.

ಪದ್ಯ ಕೋರ್ಟಿಗೂ ಹೋಗುತ್ತದೆ, ಆರೋಪಿಯ ವಿರುದ್ಧದ ಸಾಕ್ಷಿಯಾಗಿ. 1967ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್ ನಗರದ ದಂಗೆಯಲ್ಲಿ ಬಂಧಿಸಲಾಗಿದ್ದ ಬರಾಕಾ (ಆಗಿನ್ನೂ ಲೀರಾಯ್ ಜೋನ್ಸ್) ಅವರಿಗೆ 1968ರ ಜನವರಿಯಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಅವರದೇ ಪದ್ಯವೊಂದನ್ನು ತೆರೆದ ಕೋರ್ಟಿನಲ್ಲಿ ಓದಿದರು. ಆ ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋಯಿತು, ಅಭ್ಯಾಸ ಮಾತ್ರ ಬೀಳಲಿಲ್ಲ. ರ್‍ಯಾಪ್ ಹಾಡಿನ ಸಾಲುಗಳನ್ನು ತಪ್ಪೊಪ್ಪಿಗೆಯ ಹಾಗೆ ಜ್ಯೂರಿಯ ಮುಂದಿಡುವುದು ಅಮೆರಿಕದ ಕೋರ್ಟುಗಳಲ್ಲಿ ಇಂದಿಗೂ ನಡೆಯುತ್ತಿದೆ. 2023ರಲ್ಲಿ ಅಟ್ಲಾಂಟಾದ ದೊಡ್ಡ ಮೊಕದ್ದಮೆಯೊಂದರಲ್ಲಿ ನ್ಯಾಯಾಧೀಶರು ಇದಕ್ಕೆ ಷರತ್ತಿನ ಅನುಮತಿ ಕೊಟ್ಟರು. ಕ್ಯಾಲಿಫೋರ್ನಿಯಾ 2022ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿದೆ. ಸೃಜನಶೀಲ ರಚನೆಯನ್ನು ಸಾಕ್ಷಿಯಾಗಿ ಒಪ್ಪುವ ಮೊದಲು, ಅದರಿಂದ ಜನಾಂಗೀಯ ಪೂರ್ವಗ್ರಹ ಕೆರಳುವ ಅಪಾಯವನ್ನು ನ್ಯಾಯಾಧೀಶರು ತೂಗಿ ನೋಡಲೇಬೇಕು. ಪದ್ಯದ ‘ನಾನು’ ಬರೆದವನೇ ಎಂದು ನಂಬುವುದು ಓದಿನ ತಪ್ಪು. ಆ ತಪ್ಪಿಗೆ ಇಲ್ಲಿ ಜೈಲುವಾಸದ ಬೆಲೆ.

ಅಮೆರಿಕದ ಹೊರಗೂ ಈ ಕಾವ್ಯದ ಕವಲುಗಳಿವೆ. ಹಾರ್ಲೆಮ್‌ನಲ್ಲಿ 1968ರ ಮೇ 19ರಂದು ಹುಟ್ಟಿದ ‘ದ ಲಾಸ್ಟ್ ಪೊಯೆಟ್ಸ್’ ತಂಡ ತನ್ನ ಹೆಸರನ್ನು ದೇಶಭ್ರಷ್ಟರಾಗಿ ಅಮೆರಿಕದಲ್ಲಿದ್ದ ದಕ್ಷಿಣ ಆಫ್ರಿಕಾದ ಕವಿ ಕೆಯೊರಾಪೆಟ್ಸೆ ಕ್ಗೊಸಿಟ್‌ಸಿಲೆ ಅವರ ಪದ್ಯದಿಂದ ಪಡೆಯಿತು. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದ ತುರ್ತುಸ್ಥಿತಿಯಲ್ಲಿ ರಾಜಕೀಯ ಸಭೆ ನಿಷಿದ್ಧವಾದಾಗ ಸತ್ತವರ ಮಣ್ಣೇ ಸಭೆಯಾಯಿತು. ಮ್ಜ್ವಾಖೆ ಮ್ಬುಲಿಯಂಥ ಕವಿಗಳು ಅಲ್ಲಿ ಹೆಣದ ಮುಂದೆ ನಿಂತು ಪದ್ಯ ಹೇಳಿದರು. ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ 1981ರ ಜನವರಿ 18ರ ನಸುಕಿನಲ್ಲಿ ಹುಟ್ಟುಹಬ್ಬದ ಮನೆಗೆ ಬೆಂಕಿ ಬಿದ್ದು 13 ಕಪ್ಪು ಯುವಜನರು ಸತ್ತಾಗ, ಲಿಂಟನ್ ಕ್ವೆಸಿ ಜಾನ್ಸನ್ ಜಮೈಕಾದ ಆಡುಮಾತಿನಲ್ಲೇ ಅದನ್ನು ಪದ್ಯವಾಗಿಸಿದರು. ಕಾಗುಣಿತವನ್ನೂ ಮಾತಿಗೆ ತಕ್ಕಂತೆ ಬದಲಿಸಿದರು. ಎರಡು ವಿಚಾರಣೆಗಳೂ ಬೆಂಕಿಗೆ ಕಾರಣ ಇಂಥದ್ದೆಂದು ತೀರ್ಮಾನಿಸಲಿಲ್ಲ. ಮುಂಬಯಿಯಲ್ಲಿ 1972ರಲ್ಲಿ ದಲಿತ ಕವಿಗಳು ಕಟ್ಟಿದ ದಲಿತ ಪ್ಯಾಂಥರ್ಸ್, 1966ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಶುರುವಾದ ಬ್ಲ್ಯಾಕ್ ಪ್ಯಾಂಥರ್‌ನಿಂದ ಹೆಸರು ಪಡೆದದ್ದು ತಿಳಿದ ವಿಷಯ. ಅದೇ ದಶಕದಲ್ಲಿ ಕರ್ನಾಟಕದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಸಿದ್ಧಲಿಂಗಯ್ಯನವರ ಪದ್ಯಗಳು ಹಲಗೆಯ ಜೊತೆ ಹಾಡಾಗಿ ಹೊರಟಾಗ ಕೆಲಸ ಮಾಡಿದ್ದೂ ಜಾಕ್ಸನ್‌ವಿಲ್‌ನ ಮಕ್ಕಳ ದಾರಿಯೇ: ಪುಸ್ತಕ ಕೊಳ್ಳದವರ ಬಾಯಲ್ಲೂ ಪದ್ಯ ಇತ್ತು.

ಈಗ ಬಿಡಿ ಹಾಳೆಯ ಜಾಗಕ್ಕೆ ಮೊಬೈಲ್ ಬಂದಿದೆ. 2014ರ ಜುಲೈ 17ರಂದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ ಪೊಲೀಸರು ಕುತ್ತಿಗೆ ಅಮುಕಿದಾಗ ಉಸಿರು ಕಟ್ಟುತ್ತಿದೆ ಎಂದು 11 ಸಲ ಹೇಳಿ ಸತ್ತ ಎರಿಕ್ ಗಾರ್ನರ್ ಮೇಲೆ ರಾಸ್ ಗೇ ಒಂದೇ ವಾಕ್ಯದ ಪುಟ್ಟ ಪದ್ಯ ಬರೆದರು, ‘ಎ ಸ್ಮಾಲ್ ನೀಡ್‌ಫುಲ್ ಫ್ಯಾಕ್ಟ್’. ಗಾರ್ನರ್ ಕೆಲಕಾಲ ನಗರದ ಉದ್ಯಾನ ಇಲಾಖೆಯಲ್ಲಿ ದುಡಿದಿದ್ದರು ಎಂಬುದೇ ಅದರ ವಸ್ತು. ಬಹುಶಃ ತನ್ನ ದೊಡ್ಡ ಕೈಗಳಿಂದ ಮೆಲ್ಲಗೆ ಗಿಡ ನೆಟ್ಟಿರಬಹುದು, ಅವುಗಳಲ್ಲಿ ಕೆಲವು ಈಗಲೂ ಬೆಳೆಯುತ್ತಿರಬಹುದು, ನಮ್ಮ ಉಸಿರಾಟವನ್ನು ಹಗುರ ಮಾಡುತ್ತಿರಬಹುದು. ಕೊಂದವರು, ಕೊಲೆ ಎರಡೂ ಪದ್ಯದಲ್ಲಿಲ್ಲ. ವಿಡಿಯೊದಲ್ಲಿ ಸಾಯುವುದನ್ನಷ್ಟೇ ಲೋಕ ನೋಡಿದ್ದ ಮನುಷ್ಯನಿಗೆ ಅವನ ದುಡಿಮೆಯನ್ನು ಮರಳಿಸುತ್ತದೆ. ಒಂದು ಪರದೆಯಲ್ಲಿ ಹಿಡಿಯುವ ಉದ್ದವಾದ್ದರಿಂದ ಅದು ಲಕ್ಷಾಂತರ ಜನರನ್ನು ಮುಟ್ಟಿತು. ಇಲ್ಲೂ ಹಳೆಯ ರೋಗ ಇದೆ: ಚಿತ್ರವಾಗಿ ಕತ್ತರಿಸುವಾಗ ಮೇಲಿನ ಹೆಸರು ಹೋಗುತ್ತದೆ, ನಕಲು ಮಾಡಿ ಅಂಟಿಸುವಾಗ ಸಾಲು ಮುರಿಯುವ ಜಾಗ ಕಳೆಯುತ್ತದೆ. ಇಂಥ ಪದ್ಯದಲ್ಲಿ ಸಾಲು ಎಲ್ಲಿ ಮುರಿಯುತ್ತದೋ ಅಲ್ಲೇ ಉಸಿರು. ಹಂಚುವವರು ಕವಿಯ ಹೆಸರನ್ನೂ ಸಾಲಿನ ಕಟ್ಟನ್ನೂ ಇದ್ದಂತೆಯೇ ಇಡಬೇಕು. ಬಿಡಿ ಹಾಳೆ ಅರುವತ್ತು ವರ್ಷದ ಹಿಂದೆ ಮಾಡುತ್ತಿದ್ದ ಕೆಲಸ ಅದು.

ಪುಸ್ತಕದ ರೂಪವನ್ನೇ ಸತ್ತವರ ಲೆಕ್ಕ ಇಡುವ ಕೆಲಸಕ್ಕೆ ಬಗ್ಗಿಸಿದವರು ಕ್ಲಾಡಿಯಾ ರ್‍ಯಾಂಕಿನ್. ಅವರ ‘ಸಿಟಿಜನ್’ 2014ರಲ್ಲಿ ಗ್ರೇವುಲ್ಫ್ ಪ್ರೆಸ್‌ನಿಂದ ಬಂತು. ಅದರ ಒಂದು ಪುಟದಲ್ಲಿ ಕೊಲೆಯಾದ ಕಪ್ಪು ಜನರ ಹೆಸರುಗಳು ಒಂದರ ಕೆಳಗೊಂದು ಇವೆ, ಪ್ರತಿ ಹೆಸರಿನ ಮುಂದೆ ‘ನೆನಪಿಗೆ’ ಎಂಬ ಮಾತು. ಮರುಮುದ್ರಣ ಆದಾಗಲೆಲ್ಲ ಆ ಪುಟಕ್ಕೆ ಹೊಸ ಹೆಸರುಗಳು ಸೇರಿವೆ. ಗ್ರೇವುಲ್ಫ್ ಇರುವ ಊರು ಮಿನಿಯಾಪೊಲಿಸ್. 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಸತ್ತದ್ದು ಅದೇ ಊರಿನ ಬೀದಿಯಲ್ಲಿ. ಹೆಸರುಗಳು ಮುಗಿದ ಮೇಲೂ ‘ನೆನಪಿಗೆ’, ‘ನೆನಪಿಗೆ’ ಎಂದು ಸಾಲುಗಳು ಇಳಿಯುತ್ತ ಹೋಗುತ್ತವೆ. ಮುಂದೆ ಹೆಸರಿಲ್ಲ. ಅಕ್ಷರದ ಮಸಿ ಸಾಲಿನಿಂದ ಸಾಲಿಗೆ ತೆಳುವಾಗುತ್ತ ಪುಟದ ತಳದಲ್ಲಿ ಕಾಗದದ ಬಣ್ಣಕ್ಕೆ ಹತ್ತಿರವಾಗುತ್ತದೆ.